ಗಟ್ಟಿ ಚೆಂಡು, ಮೆತ್ತನೆಯ ಹರಳು

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಫುಲ್ಲರೀನ್ ಅಣು ತುಂಬಾ ಗಟ್ಟಿ, ಅದರ ಹರಳು ಮಾತ್ರ ಮೆತ್ತಗೆ ಎಂದು ತರಗತಿಯಲ್ಲಿ ಹೇಳಿದರು. ಬೆಳಕಿಗೆ ಹಿಡಿದರೆ ಅದೇ ಹರಳು ಗಡಸಾಗುತ್ತದಂತೆ. ಬೆಳಕಿನ ಬಿಸಿಯಿಂದ ಹೀಗಾಗುತ್ತದೆಯೇ?

ಉತ್ತರ: ಇಲ್ಲ. ಬಿಸಿ ಮಾಡುವುದು ಇದಕ್ಕೆ ತದ್ವಿರುದ್ಧವಾದ ಕೆಲಸ.

ನೀವು ಕೇಳಿದ ಫುಲ್ಲರೀನ್, ಅಂದರೆ ಸಿ-60, 60 ಇಂಗಾಲದ ಪರಮಾಣುಗಳು ಫುಟ್‌ಬಾಲಿನ ಹೊಲಿಗೆಯಂತೆ ಕೂಡಿಕೊಂಡ ಚೆಂಡು. ಅಡ್ಡಳತೆ ಸುಮಾರು 0.7 ನ್ಯಾನೋಮೀಟರ್. ಚೆಂಡಿನೊಳಗಿನ ಬಂಧಗಳು ಬಲು ಬಿಗಿ. ಚೆಂಡು ಚೆಂಡುಗಳ ನಡುವೆ ಇರುವುದು ವ್ಯಾನ್ ಡರ್ ವಾಲ್ಸ್ ಎಂಬ ದುರ್ಬಲ ಸೆಳೆತ ಮಾತ್ರ. ಗಡಸುತನ ಅಳೆಯಲು ವಜ್ರದ ಪುಟ್ಟ ಮೊನೆಯನ್ನು ಹರಳಿಗೆ ಒತ್ತಿ, ಉಳಿದ ಚೌಕದ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಆ ಒತ್ತಡಕ್ಕೆ ಚೆಂಡುಗಳು ಒಡೆಯುವುದಿಲ್ಲ, ಪದರಗಳು ಜಾರುತ್ತವೆ. ರಾಗಿಯ ರಾಶಿಗೆ ಕೈ ಹಾಕಿದರೆ ಕಾಳು ಪುಡಿಯಾಗುವುದಿಲ್ಲವಲ್ಲ, ಹಾಗೆ.

ಕೋಣೆಯ ಉಷ್ಣತೆಯಲ್ಲಿ ಈ ಚೆಂಡುಗಳು ನಿಂತಲ್ಲೇ ಸೆಕೆಂಡಿಗೆ ನೂರಾರು ಕೋಟಿ ಸಲ ಗಿರಕಿ ಹೊಡೆಯುತ್ತಿರುತ್ತವೆ. ಹಾಗಾಗಿ ಒಂದಕ್ಕೊಂದು ನುಣುಪು ಗೋಲಿಗಳೇ. ತಣಿಸುತ್ತ ಬಂದರೆ, ಸುಮಾರು ಮೈನಸ್ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಸ್ವೇಚ್ಛೆಯ ಗಿರಕಿ ನಿಲ್ಲುತ್ತದೆ. ಒಂದರ ದ್ವಿಬಂಧ (ಎರಡು ಪರಮಾಣುಗಳ ನಡುವಿನ ಜೋಡಿ ಬಂಧ) ಪಕ್ಕದ್ದರ ಐದು ಮೂಲೆಯ ಮುಖಕ್ಕೆ ಎದುರಾಗುವಂತೆ ಎಲ್ಲವೂ ಭಂಗಿ ಹಿಡಿದು ಕೂರುತ್ತವೆ, ಹರಳು ಥಟ್ಟನೆ ತುಸು ಕುಗ್ಗುತ್ತದೆ. ಈಗ ಪದರ ಜಾರಬೇಕಾದರೆ ಆ ಜೋಡಣೆಯನ್ನೂ ಕೆಡಿಸಬೇಕು. ಗಡಸುತನ ಏರುವುದು ಇದರಿಂದ.

ಬೆಳಕಿನ ಕಥೆ ಬೇರೆ. ಗೋಚರ ಬೆಳಕಿನ ನೀಲಿ–ಹಸಿರು ಭಾಗವೋ ನೇರಳಾತೀತ ಕಿರಣವೋ ಬಿದ್ದಾಗ ಅಕ್ಕಪಕ್ಕದ ಚೆಂಡುಗಳ ದ್ವಿಬಂಧಗಳು ಬಿಚ್ಚಿಕೊಂಡು ಪರಸ್ಪರ ಕೈ ಹಿಡಿಯುತ್ತವೆ. ನಡುವೆ ನಾಲ್ಕು ಪರಮಾಣುಗಳ ಉಂಗುರವೊಂದು ಹುಟ್ಟುತ್ತದೆ. ಬಿಡಿ ಬೂಂದಿಗೆ ಪಾಕ ಬಿದ್ದು ಲಾಡು ಆದಂತೆ. ಆಗ ಪದರಗಳು ಸುಲಭವಾಗಿ ಜಾರುವುದಿಲ್ಲ, ಹರಳು ಗಡಸಾಗುತ್ತದೆ. ಬರಿಗಣ್ಣಿಗೆ ಬೇಕಾದ ಸಾಕ್ಷಿಯೂ ಉಂಟು: ಬಿಡಿ ಸಿ-60 ಟಾಲ್ವೀನ್ ಎಂಬ ದ್ರಾವಕದಲ್ಲಿ ಕರಗಿ ಚಂದದ ನೇರಳೆ ಬಣ್ಣ ಬಿಡುತ್ತದೆ, ಬೆಸೆದುಕೊಂಡದ್ದು ಕರಗದೆ ಉಳಿಯುತ್ತದೆ.

ನಿಮ್ಮ ಪ್ರಶ್ನೆಯ ಸ್ವಾರಸ್ಯ ಇರುವುದು ಇಲ್ಲಿ. ಕೈ ಹಿಡಿಯಬೇಕಾದರೆ ಎರಡು ದ್ವಿಬಂಧಗಳು ಎದುರುಬದುರಾಗಿ ಸಮಾನಾಂತರವಾಗಿ ಬರಬೇಕು. ಗಿರಕಿ ಹೊಡೆಯುವ ಚೆಂಡುಗಳಿಗೆ ಆ ಅವಕಾಶ ಮತ್ತೆ ಮತ್ತೆ ಸಿಗುತ್ತದೆ, ಭಂಗಿ ಹಿಡಿದು ಕೂತವಕ್ಕೆ ಸಿಗುವುದಿಲ್ಲ. ಆದ್ದರಿಂದ ಮೈನಸ್ 13ಕ್ಕಿಂತ ಕೆಳಗೆ ಎಷ್ಟು ಬೆಳಕು ಸುರಿದರೂ ಬೆಸುಗೆ ನಡೆಯುವುದು ಕಷ್ಟ. ಇನ್ನೊಂದು ತುದಿಯಲ್ಲಿ, ಸುಮಾರು 200 ಡಿಗ್ರಿಗೆ ಕಾಯಿಸಿದರೆ ಬೆಸುಗೆ ಬಿಟ್ಟು ಹರಳು ಮೊದಲಿನಂತೆ ಮೆತ್ತಗಾಗುತ್ತದೆ.

ಅಳೆಯುವ ಯೋಚನೆಯಿದ್ದರೆ ಒಂದೆರಡು ಮಾತು. ಬೆಳಕು ಹರಳಿನೊಳಗೆ ಆಳಕ್ಕೆ ಇಳಿಯುವುದಿಲ್ಲ, ಗಡಸಾಗುವುದು ಮೇಲಿನ ತೆಳು ಪದರ ಮಾತ್ರ. ಭಾರ ಹೆಚ್ಚಾದರೆ ಮೊನೆ ಅದನ್ನು ದಾಟಿ ಕೆಳಗಿನ ಮೆತ್ತನೆಯ ಭಾಗವನ್ನು ಅಳೆಯುತ್ತದೆ. ಗಾಳಿಯ ಆಮ್ಲಜನಕ ಹರಳಿನ ಸಂದುಗಳನ್ನು ಹೊಕ್ಕಿದ್ದರೆ ಬೆಸುಗೆಗೆ ಅದೇ ಅಡ್ಡಿ. ಪ್ರಯೋಗ ಶುರುವಾಗುವವರೆಗೆ ಹರಳನ್ನು ನಿರ್ವಾತದಲ್ಲಿ, ಕತ್ತಲಲ್ಲಿ ಇಡಿ. ಸೂಕ್ಷ್ಮದರ್ಶಕದ ದೀಪವೂ ಬೆಳಕೇ!