ನಾಟಕದವರಿಗೂ ಹೊಟ್ಟೆ ಇತ್ತು, ಮೇಷ್ಟ್ರೇ

ಪತ್ರ: “ಕಳೆದ ಸಂಚಿಕೆಯಲ್ಲಿ 1930ರ ದಶಕದ ಅಮೆರಿಕದ ಸರ್ಕಾರಿ ನಾಟಕಗಳ ಪೋಸ್ಟರ್‌ಗಳನ್ನು ಹಾಕಿದ್ದೀರಿ. ನೋಡಲು ಚೆಂದ, ಒಪ್ಪಿದೆ. ಆದರೆ ಜನ ಬ್ರೆಡ್ಡಿಗೆ ಸಾಲು ನಿಂತಿದ್ದ ಕಾಲದಲ್ಲಿ ಸರ್ಕಾರ ನಾಟಕ ಆಡಿಸಿ, ಅದಕ್ಕೆ ಪೋಸ್ಟರ್ ಬೇರೆ ಅಚ್ಚು ಹಾಕಿಸಿದ್ದು ದುಂದುವೆಚ್ಚ ಅಲ್ವಾ? ಸರ್ಕಾರದ ಅನ್ನ ತಿಂದ ಕಲೆ ಸರ್ಕಾರದ ತುತ್ತೂರಿ ಊದದೇ ಇರುತ್ತದೆಯೇ? ಇನ್ನೊಂದು ಮಾತು. ಅದರಲ್ಲೊಂದನ್ನು ನಮ್ಮ ಹಜಾರದಲ್ಲಿ ತೂಗುಹಾಕುವ ಆಸೆ. ಎಲ್ಲಿ ಸಿಗುತ್ತದೆ?”
– ನಿವೃತ್ತ ಮೇಷ್ಟ್ರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ದುಂದುವೆಚ್ಚ ಅಂದವರು ನೀವೇ, ಹಜಾರಕ್ಕೊಂದು ಬೇಕು ಅಂದವರೂ ನೀವೇ. ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಲೆಕ್ಕ ಮಾತ್ರ ಸ್ವಲ್ಪ ತಪ್ಪಿದೆ.

ಬ್ರೆಡ್ಡಿನ ಸಾಲಿನಲ್ಲಿ ಯಾರು ನಿಂತಿದ್ದರು ಅಂತ ಯೋಚಿಸಿದ್ದೀರಾ? 1933ರಲ್ಲಿ ಅಮೆರಿಕದ ದುಡಿಯುವವರಲ್ಲಿ ನಾಲ್ವರಿಗೊಬ್ಬರಿಗೆ ಕೆಲಸ ಇರಲಿಲ್ಲ. ನಾಟಕದವರಿಗಂತೂ ಅದಕ್ಕೆ ಮೊದಲೇ ಪೆಟ್ಟು ಬಿದ್ದಿತ್ತು. ಸಿನಿಮಾ ಮಾತು ಕಲಿತ ಮೇಲೆ ಥಿಯೇಟರುಗಳಲ್ಲಿ ವಾದ್ಯ ನುಡಿಸುತ್ತಿದ್ದವರು, ಪರದೆ ಬರೆಯುವವರು, ಬಡಗಿಗಳು, ಹಾಸ್ಯ ಪಾತ್ರದವರು ಎಲ್ಲರೂ ಬೀದಿಗೆ ಬಂದಿದ್ದರು. ಕಲಾವಿದರಿಗೆ ಯಾಕೆ ಸರ್ಕಾರಿ ಕೂಲಿ ಅಂತ ಕೇಳಿದವರಿಗೆ ಪರಿಹಾರ ಕೆಲಸಗಳ ಮುಖ್ಯಸ್ಥ ಹ್ಯಾರಿ ಹಾಪ್ಕಿನ್ಸ್ ಕೊಟ್ಟ ಉತ್ತರ ಒಂದೇ ಸಾಲಿನದು: ಎಲ್ಲರ ಹಾಗೆ ಅವರೂ ಊಟ ಮಾಡಬೇಕಲ್ಲ! ರಸ್ತೆ ಹಾಕುವವನಿಗೆ ಕೊಟ್ಟರೆ ಕೂಲಿ, ಬಣ್ಣ ಹಚ್ಚುವವನಿಗೆ ಕೊಟ್ಟರೆ ದುಂದು. ಇದು ಯಾವ ನ್ಯಾಯ?

1935ರಲ್ಲಿ ಶುರುವಾದ ಫೆಡರಲ್ ಥಿಯೇಟರ್ ಪ್ರಾಜೆಕ್ಟ್ ಸಾವಿರಾರು ಜನಕ್ಕೆ ಸಂಬಳ ಕೊಟ್ಟಿತು. ನ್ಯೂಯಾರ್ಕಿನಲ್ಲಿ ವಾರಕ್ಕೆ 23 ಡಾಲರ್ 86 ಸೆಂಟ್. ಅದನ್ನು ನಡೆಸಿದವರು ಹ್ಯಾಲಿ ಫ್ಲಾನಗನ್. ವಾಸರ್ ಕಾಲೇಜಿನಲ್ಲಿ ನಾಟಕ ಕಲಿಸುತ್ತಿದ್ದ ಮೇಡಂ. ನಿಮ್ಮ ವೃತ್ತಿಯವರೇ.

ಇನ್ನು ಪೋಸ್ಟರ್. ಅದನ್ನು ಮಾಡುತ್ತಿದ್ದದ್ದು ಇದರ ಜೊತೆಗಾರ ಯೋಜನೆಯಾದ ಫೆಡರಲ್ ಆರ್ಟ್ ಪ್ರಾಜೆಕ್ಟ್. ಮೊದಮೊದಲು ಒಂದೊಂದನ್ನೂ ಕೈಯಲ್ಲೇ ಬರೆಯುತ್ತಿದ್ದರು. ಆಮೇಲೆ ಆಂಥನಿ ವೆಲೋನಿಸ್ ಎಂಬ ಕಲಾವಿದ ಅಂಗಡಿ ಬೋರ್ಡುಗಳಿಗೆ ಬಳಸುತ್ತಿದ್ದ ಸ್ಕ್ರೀನ್ ಪ್ರಿಂಟಿಂಗನ್ನು ಅಲ್ಲಿಗೆ ತಂದ. ಮರದ ಚೌಕಟ್ಟಿಗೆ ರೇಷ್ಮೆ ಬಟ್ಟೆ ಬಿಗಿದು ಕಟ್ಟಬೇಕು. ಬಣ್ಣ ಬೇಡದ ಜಾಗವನ್ನು ಮುಚ್ಚಬೇಕು. ಕೆಳಗೆ ಕಾಗದ ಇಟ್ಟು, ಮೇಲೆ ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಒಂದೇ ಸಮನೆ ಎಳೆಯಬೇಕು. ಒಂದು ಬಣ್ಣಕ್ಕೆ ಒಂದು ಚೌಕಟ್ಟು. ಕೆಂಪು ಒಣಗುವ ತನಕ ಕಪ್ಪು ಹಾಕುವಂತಿಲ್ಲ. ಎರಡನೇ ಸಲ ಕಾಗದ ಕೂದಲೆಳೆಯಷ್ಟು ಸರಿದರೂ ಅಕ್ಷರ ಕೆಟ್ಟಿತು. ಆ ಪೋಸ್ಟರ್‌ಗಳಲ್ಲಿ ಮೂರೇ ನಾಲ್ಕೇ ಬಣ್ಣ, ದಪ್ಪ ಅಕ್ಷರ, ದೊಡ್ಡ ಆಕಾರ ಇರುವುದು ಇದಕ್ಕೇ. ಬಡತನವೇ ಅವುಗಳ ಅಂದವನ್ನು ತಿದ್ದಿತು. ನಿಮಗೆ ಚೆಂದ ಕಂಡದ್ದೂ ಅದೇ. 35,000 ವಿನ್ಯಾಸ, 20 ಲಕ್ಷ ಪ್ರತಿ ಅಚ್ಚಾದವು ಎನ್ನುತ್ತಾರೆ. ಇವತ್ತು ಉಳಿದದ್ದು ಸುಮಾರು 2,000.

ತುತ್ತೂರಿಯ ಮಾತಿಗೆ ಬರೋಣ. ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ‘ಪವರ್’ ಎಂಬ 1937ರ ನಾಟಕ ಸರ್ಕಾರದ ವಿದ್ಯುತ್ ಯೋಜನೆಯ ಪರವಾಗಿಯೇ ಇತ್ತು. ಆದರೆ ಅದೇ ವರ್ಷದ ಜೂನ್ 16ರಂದು ಏನಾಯಿತು ನೋಡಿ. ಕಾರ್ಮಿಕ ಸಂಘದ ಕಥೆ ಹೇಳುವ ‘ದ ಕ್ರೇಡಲ್ ವಿಲ್ ರಾಕ್’ ಆಡಬೇಕಿತ್ತು. ಸರ್ಕಾರವೇ ಥಿಯೇಟರಿಗೆ ಬೀಗ ಜಡಿಯಿತು. ತಂಡ, ಪ್ರೇಕ್ಷಕರು ಎಲ್ಲರೂ 21 ಬೀದಿ ದಾಟಿ ಇನ್ನೊಂದು ಥಿಯೇಟರಿಗೆ ನಡೆದರು. ನಟರು ರಂಗ ಹತ್ತಬಾರದು ಅಂತ ಅವರ ಸಂಘದ ಕಟ್ಟಪ್ಪಣೆ ಇತ್ತು. ರಂಗದ ಮೇಲೆ ಪಿಯಾನೋ ಮುಂದೆ ಸಂಗೀತಗಾರ ಬ್ಲಿಟ್ಸ್‌ಸ್ಟೈನ್ ಒಬ್ಬರೇ. ನಟರು ಪ್ರೇಕ್ಷಕರ ನಡುವೆ, ಕೂತಲ್ಲಿಂದಲೇ ಎದ್ದು ನಿಂತು ಹಾಡಿದರು. ತುತ್ತೂರಿ ಊದುವವರ ಮನೆಗೆ ಯಾರಾದರೂ ಬೀಗ ಹಾಕುತ್ತಾರಾ?

ಅದಕ್ಕೂ ಮುಂಚೆ, 1936ರ ಏಪ್ರಿಲಿನಲ್ಲಿ, ನ್ಯೂಯಾರ್ಕಿನ ಬಡಾವಣೆ ಹಾರ್ಲೆಮ್‌ನ ಲಫಾಯೆಟ್ ಥಿಯೇಟರಿನಲ್ಲಿ ಕರಿಯ ಕಲಾವಿದರೇ ‘ಮ್ಯಾಕ್‌ಬೆತ್’ ಆಡಿದರು. ನಿರ್ದೇಶಕ ಆರ್ಸನ್ ವೆಲ್ಸ್‌ಗೆ ಆಗ 20 ವರ್ಷ. ಮೊದಲ ದಿನ ಬೀದಿ ತುಂಬಾ ಜನವೋ ಜನ. ನ್ಯೂಯಾರ್ಕಿನ ದೊಡ್ಡ ನಾಟಕಗಳ ಬೀದಿ ಬ್ರಾಡ್‌ವೇ ಕಡೆ ಮುಖ ಹಾಕದ ಜನಕ್ಕೆ ಪುಕ್ಕಟೆ, ಇಲ್ಲವೇ ಚಿಲ್ಲರೆ ಕಾಸಿಗೆ ನಾಟಕ ತೋರಿಸಿದ್ದು ಈ ಯೋಜನೆ.

ಮುಚ್ಚಿದ್ದು ಯಾರು? ಓದದವರು. ಯೋಜನೆಯಲ್ಲಿ ಕಮ್ಯುನಿಸ್ಟರು ಸೇರಿಕೊಂಡಿದ್ದಾರೆ ಎಂಬ ಅನುಮಾನದಿಂದ 1938ರಲ್ಲಿ ಸಂಸತ್ತಿನ ಸಮಿತಿ ಫ್ಲಾನಗನ್ ಅವರನ್ನು ಕರೆಸಿ ವಿಚಾರಿಸಿತು. ಅವರು ಹಳೆಯ ಇಂಗ್ಲಿಷ್ ನಾಟಕಕಾರ ಮಾರ್ಲೋ ಹೆಸರು ತೆಗೆದಾಗ ಸದಸ್ಯನೊಬ್ಬ ಕೇಳಿದ್ದು: ಈ ಮಾರ್ಲೋ ಕಮ್ಯುನಿಸ್ಟಾ? ಮಾರ್ಲೋ ಸತ್ತದ್ದು 1593ರಲ್ಲಿ! ಇಂಥವರ ಕೈಯಲ್ಲಿತ್ತು ಸಾವಿರಾರು ಜನರ ಅನ್ನ. 1939ರ ಜೂನ್ 30ಕ್ಕೆ ಎಲ್ಲ ಬಂದ್. ಹಸ್ತಪ್ರತಿ, ಫೋಟೋ, ಪೋಸ್ಟರ್‌ಗಳ ದೊಡ್ಡ ರಾಶಿಯೊಂದು ಕೊನೆಗೆ ಬಾಲ್ಟಿಮೋರ್ ಹತ್ತಿರದ ವಿಮಾನ ನಿಲ್ಲಿಸುವ ಶೆಡ್ ಸೇರಿತು. 1974ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇಬ್ಬರು ಮೇಷ್ಟ್ರುಗಳು ಹುಡುಕಿಕೊಂಡು ಹೋಗುವ ತನಕ ಅಲ್ಲೇ ಧೂಳು ತಿನ್ನುತ್ತಿತ್ತು.

ನನಗೆ ಸಂಕಟ ಆಗುವುದು ಇಲ್ಲಿ. ಅವರಿಗೆ ಶೆಡ್ಡಿನಲ್ಲಾದರೂ ಸಿಕ್ಕಿತು. 1934ರಲ್ಲಿ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆ ಕಾಲದ ನಮ್ಮ ಕಂಪನಿಗಳ ಹ್ಯಾಂಡ್‌ಬಿಲ್ ಎಷ್ಟು ಜನ ಕಂಡಿದ್ದೀರಿ? ತೆಳ್ಳನೆಯ ಗುಲಾಬಿ, ಹಳದಿ ಕಾಗದ. ನಾಟಕ ಮುಗಿದ ಮರುದಿನ ಅದಕ್ಕೆ ಬೆಲೆ ಇಲ್ಲ. ಬರೆದವನ ಹೆಸರಿಲ್ಲ, ಅಚ್ಚು ಜೋಡಿಸಿದವನ ಹೆಸರಿಲ್ಲ. ನಟರ ಬಗ್ಗೆ ಭಾಷಣ ಮಾಡುವ ನಾವು ಈ ಕೈಗಳನ್ನು ನೆನೆಯುವುದೇ ಇಲ್ಲ. ಇಂಥ ಕಾಗದ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ನಮಗೆ ಒಂದು ಫೋಟೋ ಕಳಿಸಿ, ಅಚ್ಚು ಹಾಕುತ್ತೇವೆ.

ನಿಮ್ಮ ಹಜಾರಕ್ಕೆ: ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನಲ್ಲಿರುವ 900ಕ್ಕೂ ಹೆಚ್ಚು ಪೋಸ್ಟರ್‌ಗಳನ್ನು ಇಂಟರ್‌ನೆಟ್ಟಿನಲ್ಲಿ ಇಟ್ಟಿದೆ. ದುಡ್ಡು ಕೊಡಬೇಕಿಲ್ಲ. ದೊಡ್ಡ ಸೈಜಿನದನ್ನೇ ಇಳಿಸಿಕೊಳ್ಳಿ. ಫ್ಲೆಕ್ಸ್ ಮೇಲೆ ಮಾತ್ರ ಹಾಕಿಸಬೇಡಿ, ಹೊಳಪಿನಲ್ಲಿ ಆ ಬಣ್ಣ ಸಾಯುತ್ತದೆ. ಹೊಳಪಿಲ್ಲದ ದಪ್ಪ ಕಾಗದ ಕೇಳಿ. ರೋಬೋಟ್‌ಗಳ ಕಥೆಯಾದ ‘ಆರ್‌ಯುಆರ್’ ಗೊಂಬೆಯಾಟದ ಪೋಸ್ಟರ್ ಒಮ್ಮೆ ನೋಡಿ. ಮೊಮ್ಮಕ್ಕಳಿದ್ದರೆ ಅವರು ಅದನ್ನೇ ಆರಿಸುತ್ತಾರೆ.