ಪ್ರತಿಕ್ರಿಯೆ: ಕಬ್ಬಿಣದ ಚೂರು ತುಂಬಿದ ಪೈಪಿನಲ್ಲಿ ನೀರಿನ ಹರಿವು ಕುಗ್ಗಿರುವ ಬಗ್ಗೆ

ತಾರಿಹಾಳದ ನಿಮ್ಮ ಶೆಡ್ಡಿನ ಬೋರ್‌ವೆಲ್ ನೀರಿನಿಂದ ಟ್ರೈಕ್ಲೋರೋಎಥಿಲೀನ್ (ಲೋಹದ ಜಿಡ್ಡು ತೆಗೆಯುವ ದ್ರಾವಕ) ತೆಗೆಯುವ ಪೈಪಿನಲ್ಲಿ ಹರಿವು ಕುಗ್ಗಿ, ಶುದ್ಧೀಕರಣವೂ ಇಳಿದಿರುವುದಕ್ಕೆ ಬಹುಶಃ ಕಾರಣ, ಮೇಲಿನ ಟ್ಯಾಂಕಿನಲ್ಲಿ ಗಾಳಿ ಬೆರೆತ ನೀರು ನೇರವಾಗಿ ಕಬ್ಬಿಣಕ್ಕೆ ತಾಗುತ್ತಿರುವುದು. ಈ ದ್ರಾವಕದಿಂದ ಕ್ಲೋರಿನ್ ಪರಮಾಣುಗಳನ್ನು ಕಳಚಲು ಕಬ್ಬಿಣ ಕೊಡುವ ಇಲೆಕ್ಟ್ರಾನ್‌ಗಳನ್ನು ಆಮ್ಲಜನಕವೇ ಮೊದಲು ಕಸಿದುಕೊಳ್ಳುತ್ತದೆ; ಹುಟ್ಟಿದ ತುಕ್ಕು ಸಂದುಗಳನ್ನು ಮುಚ್ಚುತ್ತದೆ. ನೀರು ಗಡಸಾಗಿದ್ದರೆ, ಕಬ್ಬಿಣ ನೀರಿನ ಪಿಎಚ್ (ಕ್ಷಾರತೆ) ಏರಿಸುವುದರಿಂದ ಸುಣ್ಣದ ಪದರವೂ ಕಟ್ಟಿರಬಹುದು. ಎರಡರಲ್ಲಿ ಯಾವುದು ಎಂಬುದನ್ನು ನಿಮ್ಮ ವಿವರಣೆಯಿಂದಷ್ಟೇ ಹೇಳಲಾಗದು.

ಆದ್ದರಿಂದ ಮೊದಲು ಪೈಪಿನ ಬಾಯಿ ತೆರೆದು ನೋಡಿ. ಕೆಂಪು-ಕಂದು ಹೆಂಟೆ ಇದ್ದರೆ ತುಕ್ಕು. ಬೂದು-ಬಿಳಿ ಪದರದ ಮೇಲೆ ನಿಂಬೆರಸ ಹಾಕಿದೊಡನೆ ನೊರೆ ಬಂದರೆ ಸುಣ್ಣ. ಗಟ್ಟಿಯಾದ ಭಾಗವನ್ನು ತೆಗೆದು ಹೊಸ ಚೂರು ತುಂಬಿ. ಲೇತ್ ಚೂರಾದರೆ ಕಟಿಂಗ್ ಆಯಿಲ್ ಪೂರ್ತಿ ಹೋಗುವವರೆಗೆ ಸೋಪಿನ ನೀರಿನಲ್ಲಿ ತೊಳೆಯಲೇಬೇಕು. ನೀರು ಒಳಬರುವ ತುದಿಯಲ್ಲಿ ದಪ್ಪ ಮರಳಿಗೆ ಸ್ವಲ್ಪ ಚೂರು ಬೆರೆಸಿದ ಪದರವಿರಲಿ; ಆಮ್ಲಜನಕ ಅಲ್ಲಿಯೇ ಖರ್ಚಾಗುತ್ತದೆ, ಅದನ್ನಷ್ಟೇ ಆಗಾಗ ಬದಲಿಸಿದರೆ ಸಾಕು. ಟ್ಯಾಂಕನ್ನು ಬಿಟ್ಟು, ಬೋರಿನ ನೀರನ್ನೇ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹಾಯಿಸಿ. ಈ ಕ್ರಿಯೆಗೆ ನಿಮಿಷಗಳಲ್ಲ, ಗಂಟೆಗಳೇ ಬೇಕು. ಕಬ್ಬಿಣ ಮತ್ತು ನೀರು ಸೇರಿ ಹುಟ್ಟುವ, ಬೆಂಕಿ ಹತ್ತುವ ಹೈಡ್ರೋಜನ್ ಹೊರಹೋಗಲು ಕಿಂಡಿ ಬಿಡಿ, ಹತ್ತಿರ ವೆಲ್ಡಿಂಗ್ ಬೇಡ.

ಹೊರಬರುವ ನೀರಿನಲ್ಲಿ ಟ್ರೈಕ್ಲೋರೋಎಥಿಲೀನ್ ಒಂದನ್ನೇ ಅಳೆಯಿಸಬೇಡಿ. ಅರ್ಧಕ್ಕೆ ನಿಂತ ಕ್ರಿಯೆಯಿಂದ ಡೈಕ್ಲೋರೋಎಥಿಲೀನ್ ಮತ್ತು ಅದಕ್ಕಿಂತ ಅಪಾಯಕಾರಿಯಾದ ವಿನೈಲ್ ಕ್ಲೋರೈಡ್ ಉಳಿಯಬಹುದು. ಎರಡನೆಯದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 0.3 ಮೈಕ್ರೋಗ್ರಾಂ. ನಿಮ್ಮಲ್ಲಿ ಡೈಕ್ಲೋರೋಮೀಥೇನ್ ಎಂಬ ಇನ್ನೊಂದು ದ್ರಾವಕ ಕೂಡ ಬಳಕೆಯಲ್ಲಿದ್ದರೆ ಅದನ್ನು ಕಬ್ಬಿಣ ತೆಗೆಯುವುದಿಲ್ಲ. ವರದಿ ಬರುವವರೆಗೆ ಈ ನೀರನ್ನು ಕುಡಿಯಲು ಬಳಸಬೇಡಿ.