ಒಂದೇ ಸಿನಿಮಾ ಕೆಲವರಿಗೆ ತುಂಬಾ ಇಷ್ಟ, ಕೆಲವರಿಗೆ ಬರೀ ಬಾಲಿಶ. ಯಾಕೆ ಹೀಗೆ?

ಯಾಕಂದ್ರೆ ಇಬ್ಬರೂ ಅಳೆಯುವುದು ಬೇರೆ ಬೇರೆ ಸಂಗತಿ. ಒಬ್ಬರು ಕಥೆ, ನಟನೆ ಎಷ್ಟು ಅಚ್ಚುಕಟ್ಟು ಅಂತ ನೋಡುತ್ತಾರೆ. ಇನ್ನೊಬ್ಬರಿಗೆ, ಮಾಡಿದವರು ಮನಸ್ಸಿಟ್ಟು ಮಾಡಿದ್ದಾರಾ ಅನ್ನುವುದೇ ಮುಖ್ಯ.

2003ರ ಅಮೆರಿಕನ್ ಸಿನಿಮಾ 'ದಿ ರೂಮ್' ತೆಗೆದುಕೊಳ್ಳಿ. ನಿರ್ದೇಶಕ ಟಾಮಿ ವೈಸೋ ಅದನ್ನು ಗಂಭೀರ ಪ್ರೇಮಕಥೆ ಅಂತಲೇ ತೆಗೆದರು. ನಟನೆ ಅತಿ, ಮಾತುಗಳು ವಿಚಿತ್ರ, ವಿಮರ್ಶಕರು ಚೆನ್ನಾಗಿ ಬೈದರು. ಆದರೂ ಜನ ಮಧ್ಯರಾತ್ರಿಯ ಪ್ರದರ್ಶನಗಳಿಗೆ ಹೋಗಿ, ಡೈಲಾಗ್‌ಗಳನ್ನು ಒಟ್ಟಿಗೆ ಕೂಗುತ್ತಾ, ತೆರೆಯತ್ತ ಪ್ಲಾಸ್ಟಿಕ್ ಚಮಚ ಎಸೆಯುತ್ತಾ ಸಂಭ್ರಮಿಸುತ್ತಾರೆ. ಬೇಕಂತಲೇ ಕೆಟ್ಟದಾಗಿ ತೆಗೆದಿದ್ದರೆ ಇಷ್ಟು ಪ್ರೀತಿ ಸಿಗುವುದು ಕಷ್ಟವಿತ್ತು. ಗಂಭೀರವಾಗಿ ಹೊರಟು, ಅತಿಯಾಗಿ ಎಡವಿದ ಕೃತಿಗೆ ಒಂದು ಮೋಡಿ ಇರುತ್ತದೆ ಅಂತ ಲೇಖಕಿ ಸೂಸನ್ ಸಾಂಟಾಗ್ 1964ರಲ್ಲೇ ಗುರುತಿಸಿದ್ದರು.

ಹಾಗಾಗಿ 'ಲಾಜಿಕ್ಕೇ ಇಲ್ಲ' ಅಂತ ವಾದಿಸಿದರೆ ಅಭಿಮಾನಿಯ ಮನಸ್ಸು ಬದಲಾಗುವುದಿಲ್ಲ. ಲಾಜಿಕ್ ಇಲ್ಲ ಅನ್ನುವುದು ಅವರಿಗೂ ಗೊತ್ತು, ಅಲ್ವಾ?

ಇಂಥ ಸಿನಿಮಾಗಳ ಸರಾಸರಿ ರೇಟಿಂಗ್ ಜಾಸ್ತಿ ನಂಬಬೇಡಿ. ಅರ್ಧ ಜನ 10, ಅರ್ಧ ಜನ 1 ಕೊಟ್ಟರೆ ಸರಾಸರಿ 5.5 ಬರುತ್ತದೆ. ಅಷ್ಟು ಅಂಕ ಕೊಟ್ಟವರು ಒಬ್ಬರೂ ಇರುವುದಿಲ್ಲ. ಅಂಕಗಳು ಹೇಗೆ ಹಂಚಿಹೋಗಿವೆ ಅಂತ ನೋಡಿ.